ನನ್ನ ವಾರಗಿತ್ತಿಗೆ ದೇವರು ಹೇಳಿದ್ದು

ನನ್ನ ವಾರಗಿತ್ತಿ ದೇವರ ಹತ್ತಿರ ಮಾತಾಡುತ್ತಾಳೆ. ಅದೇನು ದೊಡ್ಡ ಸಂಗತಿಯಲ್ಲ, ಮೊಣಕಾಲೂರಿದವರೆಲ್ಲ ಮಾತಾಡುತ್ತಾರೆ. ಆದರೆ ದೇವರು ಅವಳಿಗೆ ಉತ್ತರ ಕೊಡುತ್ತಾನೆ. ನನ್ನ ಹೊಟ್ಟೆ ಉರಿಯುವುದು ಅಲ್ಲೇ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ. ಶಿರಸಿ ಪಕ್ಕದ ಇಸಳೂರಿನಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಈಸ್ಟರಿಗೆ ಮುಂಚೆ ನಮಗೆ ತಪಸ್ಸುಕಾಲ ಬರುತ್ತದೆ. ಉಪವಾಸ ಮಾಡಿ, ಇಷ್ಟವಾದದ್ದನ್ನು ಬಿಟ್ಟು, ‘ದೇವರೇ, ದಾರಿ ತೋರಿಸು’ ಎಂದು ಬೇಡುವ ದಿನಗಳು. ನಾನು ಮೊಣಕಾಲು ಜೋಮು ಹಿಡಿಯುವವರೆಗೆ ಕೂತರೂ ಮೇಲಿನಿಂದ ಹೂಂ ಇಲ್ಲ, ಉಹೂಂ ಇಲ್ಲ. ಅಕ್ಕ ಮಾತ್ರ ಒಲೆ ಮೇಲೆ ಕುಕ್ಕರ್ ಇಟ್ಟು ಕೂತವಳು, ಅದು ಸೀಟಿ ಹಾಕುವಷ್ಟರಲ್ಲಿ ಉತ್ತರ ತಗೊಂಡು ಎದ್ದಿರುತ್ತಾಳೆ.

ಒಂದು ವರ್ಷ ಇಬ್ಬರೂ ಮೀನು ಬಿಟ್ಟೆವು. ಒಂದು ಮಧ್ಯಾಹ್ನ ಅವಳ ಅಡಿಗೆಮನೆಯಿಂದ ಎಂಥಾ ಪರಿಮಳ ಅಂತೀರಿ! ಹೋಗಿ ನೋಡಿದರೆ ಒಣಸಿಗಡಿ ಚಟ್ನಿ.

“ಅಕ್ಕ, ಇದು ಮೀನಲ್ಲವಾ?”

“ನಂಗೂ ಸಂಶಯ ಬಂತು ಮಾರಾಯ್ತಿ. ಕೇಳ್ದೆ. ಚಟ್ನಿ ಆದ್ರೆ ಅಡ್ಡಿಲ್ಲ ಅಂದ.”

ಅವತ್ತು ನಾನು ಗೋಡೆಯ ಈಚೆ ಕೂತು ಗಂಜಿಯ ಜೊತೆ ಬರೀ ವಾಸನೆ ಉಂಡೆ.

ಮತ್ತೊಂದು ವರ್ಷ ಭಾವ ಸಿದ್ದಾಪುರದಲ್ಲಿ ಹಳೇ ಕಾರು ನೋಡಲು ಹೊರಟರು. ಜೊತೆಗೆ ಹೋದ ಅಕ್ಕ ಕಾರಿನ ಬಾನೆಟ್ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳಂತೆ. ಮಾರುವವನು ಗಾಬರಿಯಾಗಿ ಟೋಪಿ ತೆಗೆದು ನಿಂತನಂತೆ. “ಬೇಡ ಅಂದ, ಬಣ್ಣ ಸರಿ ಇಲ್ಲವಂತೆ,” ಎಂದು ಅಕ್ಕ ಹೊರಟುಬಂದಳು. ದೇವರಿಗೆ ಬೇರೆ ಕೆಲಸ ಇಲ್ಲವಾ ಎಂದು ನಾನು ನಕ್ಕೆ. ಸ್ವಲ್ಪ ದಿನಕ್ಕೆ ಅದೇ ಕಾರನ್ನು ಅದನ್ನು ಕೊಂಡವರು ಬಿಸಿಲಲ್ಲಿ ತಳ್ಳಿಕೊಂಡು ಹೋಗುತ್ತಿದ್ದರು. ನನ್ನ ನಗು ಅಲ್ಲಿಗೇ ನಿಂತಿತು.

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಆದರೆ ನನ್ನ ಮಗಳ ವಿಷಯ ಬಂತಲ್ಲ, ಅದನ್ನು ಹೇಗೆ ತಡೆದುಕೊಳ್ಳಲಿ?

ಇರುವವಳು ಒಬ್ಬಳೇ ಮಗಳು. ಯಲ್ಲಾಪುರದ ಮುಸ್ಲಿಂ ಮನೆಯ ಹುಡುಗನನ್ನು ಮದುವೆಯಾದಳು. ಲಾರಿ ಇಟ್ಟುಕೊಂಡ ಮನೆ. ಹುಡುಗ ಒಳ್ಳೆಯವನು ಎಂದು ನನಗೂ ಗೊತ್ತಿತ್ತು. ಹೊರಡುವಾಗ ಅವಳೊಂದು ಮಾತಂದಳು, ನಾನೊಂದಂದೆ. ಆಮೇಲೆ ಅವಳು ಫೋನ್ ಮಾಡಲಿ ಎಂದು ನಾನು, ನಾನು ಮಾಡಲಿ ಎಂದು ಅವಳು. ಹೋದ ವರ್ಷದ ತಪಸ್ಸುಕಾಲ ಪೂರ್ತಿ ಒಂದೇ ಪ್ರಶ್ನೆ ಕೇಳಿದೆ: ಹೋಗಲಾ, ಕಾಯಲಾ? ಉತ್ತರವಿಲ್ಲ. ಅತ್ತ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದಮೇಲೆ ಗೋಡೆಯಾಚೆ ಅಕ್ಕನ ನಗು ಕೇಳಿಸುತ್ತಿತ್ತು. ಫೋನಿನಲ್ಲಿ ಇರುತ್ತಿದ್ದವಳು ನನ್ನ ಮಗಳು. ದೇವರೂ ಅವಳ ಕಡೆ, ಮಗಳೂ ಅವಳ ಕಡೆ.

ಈ ವರ್ಷ ಒಂದು ಶುಕ್ರವಾರ ಮಧ್ಯಾಹ್ನ ಅಕ್ಕ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. “ಹೊರಡೇ. ಇವತ್ತು ಶಿಲುಬೆಯ ಹಾದಿ ಪ್ರಾರ್ಥನೆಗೆ ಯಲ್ಲಾಪುರದ ಚರ್ಚಿಗೆ ಹೋಗ್ಬೇಕಂತೆ.”

“ಯಾರು ಹೇಳಿದ್ದು?”

ಇದೆಂತಾ ಪ್ರಶ್ನೆ ಎನ್ನುವ ಹಾಗೆ ನೋಡಿದಳು. ನಾನು ಹೊರಟೆ. ಎಲ್ಲಿಗೆ ಕರೆದೊಯ್ಯುತ್ತಿದ್ದಾಳೆಂದು ಗೊತ್ತಿದ್ದೇ ಹೊರಟೆ.

ಬಸ್ಸಿನಲ್ಲಿ ಕೇಳಿಯೇಬಿಟ್ಟೆ. “ಅಕ್ಕ, ನಿಜ ಹೇಳು. ನನಗೆ ಹೇಳದೆ ನಿನಗೇ ಎಂತಕ್ಕೆ ಹೇಳ್ತಾನೆ ಅವನು?”

ಅವಳು ಕಿಟಕಿಯಾಚೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. “ನಂಗೆ ಅವ ಎಂತದೂ ಹೇಳೂದಿಲ್ಲ ಮಾರಾಯ್ತಿ. ನಾನೂ ಕಾಯ್ತೇನೆ. ಒಂದು ಮಗು ಕೊಡು ಅಂತ ಎಷ್ಟು ವರ್ಷ ಕೇಳ್ದೆ, ನಿಂಗೇ ಗೊತ್ತಲ್ಲ. ಕಡೆಗೆ ಎದ್ದು ಸರಿ ಕಂಡದ್ದು ಮಾಡ್ತೇನೆ. ತಪ್ಪಾದ್ರೆ ತಡೀತಾನೆ ಅಂತ ಒಂದು ಧೈರ್ಯ.”

ನಾನು ಅವಳ ಪಕ್ಕಕ್ಕೆ ಇನ್ನಷ್ಟು ಸರಿದು ಕೂತೆ.

ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ ಮಗಳ ಮನೆ ತಲುಪುವಾಗ ಸಂಜೆಯಾಗಿತ್ತು. ಬಾಗಿಲು ತೆಗೆದವಳು ಅವಳೇ. ತುಟಿ ಒಣಗಿತ್ತು. ಈ ವರ್ಷ ರಂಜಾನೂ ತಪಸ್ಸುಕಾಲವೂ ಒಟ್ಟಿಗೇ ಬಂದಿದ್ದವು.

“ಅಮ್ಮಾ, ಉಪವಾಸನಾ?”

“ಹೌದು. ನೀನು?”

“ನಂದೂ.”

ಕೊಡಲು ಅವಳ ಕೈಯಲ್ಲಿ ಏನೂ ಇರಲಿಲ್ಲ, ಬೇಡ ಅನ್ನಲು ನನಗೂ ಏನೂ ಇರಲಿಲ್ಲ. ಇಬ್ಬರಿಗೂ ನಗು ಬಂತು, ನಗುತ್ತಲೇ ಅಳು ಬಂತು. ಅವಳ ಅತ್ತೆ ಒಳಗಿಂದ, “ಬರ್ರಿ, ಬಾಗಿಲಾಗ ಯಾಕ ನಿಂತ್ರಿ?” ಎಂದು ಕುರ್ಚಿ ಎಳೆದರು.

ಮಸೀದಿಯ ಕೂಗು ಕೇಳಿದಾಗ ಮಗಳು ಖರ್ಜೂರದ ತಟ್ಟೆ ಹಿಡಿದು ನೇರ ನನ್ನ ಹತ್ತಿರ ಬಂದಳು. ಅಕ್ಕ ಎಲ್ಲಿ ಎಂದು ನೋಡಿದೆ. ಜಗುಲಿಯ ತುದಿಯಲ್ಲಿ ನಮಗೆ ಬೆನ್ನು ಹಾಕಿ, ರಸ್ತೆಯಲ್ಲಿ ಏನೋ ಇದೆ ಎಂಬಂತೆ ಕೂತಿದ್ದಳು. ಮಗಳಿಗೆ ಸಣ್ಣಂದಿನಲ್ಲಿ ದಿನಾ ಜಡೆ ಹಾಕಿ ಶಾಲೆಗೆ ಕಳಿಸಿದವಳು ಅವಳು. ಇನ್ನು ಭಾನುವಾರದ ಫೋನು ಯಾರ ಮನೆಗೆ ಬರುತ್ತದೆಂದು ಅವಳಿಗೆ ಗೊತ್ತಿಲ್ಲವಾ? ಗೊತ್ತಿದ್ದೇ ನನ್ನನ್ನು ಕರೆತಂದಿದ್ದಳು.

“ಹೋಗು, ಮೊದಲು ದೊಡ್ಡಮ್ಮನಿಗೆ ಕೊಡು,” ಎಂದೆ.

ಮಗಳು ಹೋಗಿ ಅವಳ ಪಕ್ಕ ಕೂತು ಭುಜಕ್ಕೆ ತಲೆಯಿಟ್ಟಳು. ಅಕ್ಕ ತಲೆ ತಗ್ಗಿಸಿ ಖರ್ಜೂರ ಬಾಯಿಗಿಟ್ಟಳು. ಅಷ್ಟು ಚಿಕ್ಕ ಹಣ್ಣನ್ನು ತಿನ್ನಲು ಅವಳಿಗೆ ತುಂಬಾ ಹೊತ್ತು ಹಿಡಿಯಿತು.