ಹದಿನೈದು ವರ್ಷದ ಬೀಗ

ಶಿವಪುತ್ರಪ್ಪ: ಟ್ಯಾಕ್ಸ್ ಕಟ್ಟೂ ಮಂದಿ ಟ್ಯಾಕ್ಸ್ ಫ್ರೀ ಖಾತೆ ತಗೀತಾರ. ನೀ ಒಂದ್ ಪೈಸಾ ಕಟ್ಟಿಲ್ಲ. ನಿನಗ್ಯಾಕ ಬೇಕು ಈ ಪಿಪಿಎಫ್ಫು?

ಚಂದ್ರವ್ವ: ಸರ್ಕಾರಕ್ಕ ಕಟ್ಟಿಲ್ಲರಿ. ಮನಿಯಾಗ ಕಟ್ಟಾಕ್ಹತ್ತೀನಿ.

ಶಿವಪುತ್ರಪ್ಪ: ಮನಿಯಾಗ ಯಾರ ಟ್ಯಾಕ್ಸು?

ಚಂದ್ರವ್ವ: ನಿಮ್ದು.

ಮುಂಬೈಯ ಘಾಟ್ಕೋಪರಿನ ಪೋಸ್ಟ್ ಆಫೀಸಿನ ಸಾಲಿನಲ್ಲಿ ಅವರ ಮುಂದೆ ಇನ್ನೊಬ್ಬನೇ ಇದ್ದ. ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿ ಮಾಡುವ ಶಿವಪುತ್ರಪ್ಪನಿಗೆ ಮಷೀನು ಎಂದರೆ ಜೀವ. ವಸ್ತುಪ್ರದರ್ಶನಗಳಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಮನೆಗೆ ಬರುತ್ತಿತ್ತು. ದುಡ್ಡು ಮಾತ್ರ ಹೆಂಡತಿ ಜೋಳದ ರೊಟ್ಟಿ ಬಡಿದು ಮಾರಿದ್ದು. ಹೋದ ವರ್ಷ ತಂದ ರೊಟ್ಟಿ ಮಷೀನು ಒಂದು ದಿನ ಓಡಿ ಕೆಟ್ಟು, ಈಗ ಅದರ ಮೇಲೆ ಉಪ್ಪಿನಕಾಯಿ ಭರಣಿ ಕೂತಿದೆ. ಅದಕ್ಕೇ ತಿಂಗಳಿಗೆ ಮೂರು ಸಾವಿರ ಗಂಡನ ಕೈಗೆ ಎಟುಕದ ಕಡೆ ಇಡಬೇಕೆಂದು ಚಂದ್ರವ್ವ ಹಟ ಹಿಡಿದಿದ್ದಳು.

ಶಿವಪುತ್ರಪ್ಪ: ಸೇವಿಂಗ್ಸ್ ಖಾತೆ ಐತೆಲ್ಲ, ಅದರಾಗ ಇಡು. ಬೇಕಾದಾಗ ಎಟಿಎಂನಾಗ ತಗೀಬಹುದು.

ಚಂದ್ರವ್ವ: ಕಾರ್ಡ್ ಎಲ್ಲೈತಿ?

ಶಿವಪುತ್ರಪ್ಪ: ನನ್ನ ಕಿಸೇದಾಗ.

ಚಂದ್ರವ್ವ: ಹಂಗಾರ ಬ್ಯಾಡ.

ಸರದಿ ಬಂತು. ಕೌಂಟರಿನಲ್ಲಿದ್ದ ಹುಡುಗಿಯ ಎದೆಯ ಮೇಲಿನ ಬಿಲ್ಲೆಯಲ್ಲಿ ಮಾಧುರಿ ಎಂದಿತ್ತು. ಮರಾಠಿ ಹುಡುಗಿ ಇರಬೇಕು, ಕನ್ನಡ ತಿಳಿಯಲಿಕ್ಕಿಲ್ಲ ಎಂದು ಧೈರ್ಯ ತಂದುಕೊಂಡ ಶಿವಪುತ್ರಪ್ಪ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ.

ಶಿವಪುತ್ರಪ್ಪ: ಈಕಿ ಮಾತು ನಂಬಬ್ಯಾಡ. ಇವರಿಗೆ ಟಾರ್ಗೆಟ್ ಇರತೈತಿ, ಸಿಕ್ಕವರ ಕೊರಳಿಗೆ ಕಟ್ಟತಾರ.

ಮಾಧುರಿ: ಟಾರ್ಗೆಟ್ ಏನೂ ಇಲ್ಲ ಕಾಕಾ. ಕುಂದರ್ರಿ. ನಾ ಬೆಳಗಾವಿಯಾಕಿ.

ಶಿವಪುತ್ರಪ್ಪ ಕೂತ. ಚಂದ್ರವ್ವನ ಮುಖ ಅರಳಿತು.

ಚಂದ್ರವ್ವ: ಚಲೋ ಆತು ನೋಡವ್ವ. ಈ ಖಾತೇದಾಗ ರೊಕ್ಕ ಹಾಕಿದ್ರ ಹದಿನೈದು ವರ್ಷ ಹೊರಗ ಬರೂದಿಲ್ಲಂತ, ಖರೇ ಏನು?

ಮಾಧುರಿ: ಹಂಗೇನ್ ಹೆದರಬ್ಯಾಡ್ರಿ ಅಕ್ಕಾ. ಏಳನೇ ವರ್ಷದಿಂದ ಸ್ವಲ್ಪ ತಗೀಬಹುದು. ಮೂರನೇ ವರ್ಷಕ್ಕ ಸಾಲಾನೂ ಸಿಗತೈತಿ.

ಚಂದ್ರವ್ವ: ಮೆಲ್ಲಕ ಹೇಳವ್ವ. ಇವರಿಗೆ ಕೇಳಸ್ತೈತಿ.

ಕೇಳಿಸಿಯೇಬಿಟ್ಟಿತ್ತು. ಶಿವಪುತ್ರಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

ಶಿವಪುತ್ರಪ್ಪ: ಸಾಲಕ್ಕ ಸೈ ಯಾರು ಮಾಡಬೇಕ್ರಿ?

ಮಾಧುರಿ: ಖಾತೆ ಯಾರ ಹೆಸರಿಲೆ ಐತಿ, ಅವರು.

ಶಿವಪುತ್ರಪ್ಪ: ಗಂಡ ಮಾಡಿದ್ರ ನಡೀದಿಲ್ಲೇನು?

ಮಾಧುರಿ: ಗಂಡ ಮಾಡಿದ್ರ ಪೊಲೀಸ್ ಬರತಾರ ಕಾಕಾ.

ಚಂದ್ರವ್ವ: ಇದೇ ಖಾತೆ ಕೊಡು.

ಮಾಧುರಿ ಕಾಗದಪತ್ರ ಕೇಳಿದಳು. ಆಧಾರ್, ಪ್ಯಾನ್, ಫೋಟೋ ಎಲ್ಲ ಶಿವಪುತ್ರಪ್ಪನ ಕಿಸೆಯಲ್ಲಿದ್ದವು. ಸಪ್ಪೆ ಮೋರೆ ಹಾಕಿ ಇಡೀ ಕಟ್ಟನ್ನು ಕಿಟಕಿಯೊಳಗೆ ತಳ್ಳಿದ. ತಳ್ಳಿದ ಮೇಲೆ ಏನೋ ನೆನಪಾಗಿ ಕೈ ಚಾಚಿದ. ಅಷ್ಟರಲ್ಲಿ ಮಾಧುರಿ ಹಳದಿ ಚೀಟಿಯೊಂದನ್ನು ಬೆಳಕಿಗೆ ಹಿಡಿದಿದ್ದಳು.

ಮಾಧುರಿ: ಇದು ನಮಗ ಬ್ಯಾಡ ಕಾಕಾ. ಮಸಾಜ್ ಕುರ್ಚಿ, ಮುಂಗಡ ಎರಡು ಸಾವಿರ. ಉಳಿದದ್ದು ಮೂವತ್ತೆಂಟು ಸಾವಿರ ದೀಪಾವಳಿಗೆ.

ಚಂದ್ರವ್ವ ಬೈದಿದ್ದರೆ ಶಿವಪುತ್ರಪ್ಪನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

ಶಿವಪುತ್ರಪ್ಪ: ನಿನ್ನ ಸಲುವಾಗೇ ಬುಕ್ ಮಾಡೀನಿ. ಬೆನ್ನು ನೋಯತೈತಿ ಅಂತಿದ್ದೆಲ್ಲ.

ಚಂದ್ರವ್ವ: ದಿನಾ ನಾಕ್ ತಾಸು ಕುಂತು ಕುಂತು ಬೆನ್ನು ನೋಯತೈತಿ. ಅದಕ್ಕ ಮತ್ತ ಕುಂದರಾಕ ಕುರ್ಚಿ ತರಾವ್ರೇನು?

ಇದನ್ನು ಅವನು ಯೋಚಿಸಿರಲಿಲ್ಲ.

ಚಂದ್ರವ್ವ: ನನಗೀಗ ನಲವತ್ತೈದು. ಅರವತ್ತಕ್ಕ ರೊಟ್ಟಿ ಬಡಿಯೂದು ಬಿಡಾಕಿ. ಬೆನ್ನಿಗೆ ಇದಕ್ಕಿಂತ ಚಲೋ ಔಷಧ ಇಲ್ಲ. ನಾಳೆ ಹೋಗಿ ಆ ಎರಡು ಸಾವಿರ ತಗೊಂಡ್ ಬರ್ರಿ.

ಶಿವಪುತ್ರಪ್ಪ ಹೆಂಡತಿಯ ವಯಸ್ಸನ್ನು ಎಂದೂ ಲೆಕ್ಕ ಹಾಕಿರಲಿಲ್ಲ. ಅವಳ ಮೊಣಕೈಗೆ ಅಂಟಿದ್ದ ಜೋಳದ ಹಿಟ್ಟು ಈಗ ಅವನ ಕಣ್ಣಿಗೆ ಬಿತ್ತು. ಅರ್ಜಿಯನ್ನು ತಾನೇ ತುಂಬಿ, ಅವಳು ಸಾವಕಾಶವಾಗಿ ಸಹಿ ಮಾಡುವ ತನಕ ಕಾಗದ ಜರುಗದಂತೆ ಎರಡು ಬೆರಳಿನಿಂದ ಒತ್ತಿ ಹಿಡಿದ. ಮೂರು ಸಾವಿರ ಒಳಗೆ ಹೋಯಿತು.

ಮಾಧುರಿ: ಒಂದ್ ಮಾತು ಅಕ್ಕಾ. ಪ್ರತಿ ತಿಂಗಳ ಐದನೇ ತಾರೀಖಿನ ಒಳಗ ತುಂಬ್ರಿ. ಐದು ದಾಟಿದ್ರ ಆ ತಿಂಗಳ ತುಂಬಿದ್ದಕ್ಕ ಬಡ್ಡಿ ಮುಂದಿನ ತಿಂಗಳಿಂದ.

ಚಂದ್ರವ್ವ: ಇವರು ಬರತಾರ. ಮುಂಜಾನೆ ಮನಿಯಾಗ ಖಾಲಿ ಇರತಾರ.

ಶಿವಪುತ್ರಪ್ಪ: ಹದಿನೈದು ವರ್ಷ?

ಮಾಧುರಿ: ಕಾಕಾ, ಈಗ ಮೊಬೈಲ್‌ನಾಗೂ—

ಚಂದ್ರವ್ವ: ಅದನ್ನ ಇವರಿಗೆ ಹೇಳಬ್ಯಾಡವ್ವ.

ಹೇಳಿ ಪಾಸ್‌ಬುಕ್ಕನ್ನು ರವಿಕೆಯೊಳಗೆ ಸೇರಿಸಿ, ಚಂದ್ರವ್ವ ಬಾಗಿಲತ್ತ ನಡೆದಳು. ಶಿವಪುತ್ರಪ್ಪ ಕಿಟಕಿಯ ಮುಂದೆಯೇ ಬೆರಳು ಮಡಚುತ್ತ ಹನ್ನೆರಡನ್ನು ಹದಿನೈದರಿಂದ ಗುಣಿಸುತ್ತಿದ್ದ. ಹಿಂದೆ ನಿಂತವನಿಗೆ ತಾಳ್ಮೆ ಮೀರಿತು.

ಹಿಂದಿನವ: ಹೋ ಗಯಾ ಕ್ಯಾ, ಅಂಕಲ್?

ಶಿವಪುತ್ರಪ್ಪ: ಒಂದಾತು. ಇನ್ನ ನೂರಾ ಎಪ್ಪತ್ತೊಂಬತ್ತು ಉಳದಾವ.