ನಾಲ್ಕನೇ ಸೀಟಿಗೆ ಚೀನೀ ಕಷಾಯ

ಹೊಟ್ಟೆ ಬೆಳೆದದ್ದು ಅದರ ಯಜಮಾನನಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಗುವ ಸಂಗತಿ. ಕನ್ನಡಿ ದಾಕ್ಷಿಣ್ಯ ಮಾಡುತ್ತದೆ, ಅಂಗಿಯ ಗುಂಡಿಯೂ ಒಂದಷ್ಟು ದಿನ ಸಹಿಸಿಕೊಳ್ಳುತ್ತದೆ. ನನಗೆ ಸತ್ಯ ಹೇಳಿದ್ದು ಲೋಕಲ್ ಟ್ರೈನಿನ ನಾಲ್ಕನೇ ಸೀಟು. ಮೂವರ ಬೆಂಚಿನಲ್ಲಿ ನಾಲ್ಕನೆಯವನಿಗೂ ಅರ್ಧ ಜಾಗ ಬಿಡುವುದು ಮುಂಬಯಿ ಲೋಕಲ್ಲಿನ ಧರ್ಮ. ಟಿಟ್ವಾಳಾದಲ್ಲೇ ಹತ್ತುವ ಸಾವಂತರೂ ಅವರ ಇಬ್ಬರು ಗೆಳೆಯರೂ ಡೊಂಬಿವಲಿಯಲ್ಲಿ ಹತ್ತುವ ನನಗಾಗಿ ಆ ಅರ್ಧವನ್ನು ಒಂಬತ್ತು ವರ್ಷ ಕಾಯ್ದುಕೊಂಡು ಬಂದಿದ್ದರು. ಒಂದು ದಿನ ಮುಂಬ್ರಾದ ತಿರುವಿನಲ್ಲಿ ನಾನು ಸೀದಾ ಕೆಳಗೆ ಜಾರಿದೆ. ಎತ್ತಿ ಕೂರಿಸಿದರು, ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಮಂಡಿನೋವಿನವನು ನಾನು, ಈ ಸೀಟು ಹೋದರೆ ಕೊನೆಯ ಸ್ಟೇಷನ್ ವಿ.ಟಿ.ವರೆಗೆ ನಿಂತೇ ಹೋಗಬೇಕು. ಅದಕ್ಕಿಂತ ಹೆಚ್ಚಾಗಿ, ಆ ಮೂವರ ಪಟ್ಟಾಂಗ ತಪ್ಪುತ್ತದೆ.

ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ನನ್ನ ಹೆಂಡತಿ ಶಾರದೆಯ ತಮ್ಮ ತುರ್ಭೆಯ ಕಾರ್ಖಾನೆಯವನು. ಮೆಷಿನ್ ನೋಡಲು ಚೀನಾಕ್ಕೆ ಹೋದವನು ಬರುವಾಗ ಒಂದು ದೊಡ್ಡ ಪೊಟ್ಟಣ ಗಿಡಮೂಲಿಕೆ ತಂದ. ತೂಕಕ್ಕೂ ಅಜೀರ್ಣಕ್ಕೂ ಒಂದೇ ಮದ್ದಂತೆ! ಪೊಟ್ಟಣದ ತುಂಬ ಚೀನೀ ಅಕ್ಷರ. ನಮಗೆ ಓದಲು ಬಂದದ್ದು ಒಬ್ಬ ಡೊಳ್ಳುಹೊಟ್ಟೆಯವನ ಚಿತ್ರ, ಒಂದು ಬಾಣ, ಬಾಣದಾಚೆ ಒಬ್ಬ ಸಣಕಲ, ಇಷ್ಟೇ. ಎಷ್ಟು ಹಾಕಬೇಕು, ಎಷ್ಟು ಕುದಿಸಬೇಕು ಎಂಬುದೆಲ್ಲ ಶಾರದೆಯ ಸ್ವಂತ ಸಂಶೋಧನೆ. ಅದರಲ್ಲಿದ್ದ ಒಣ ಕಿತ್ತಳೆ ಸಿಪ್ಪೆ ಕಂಡದ್ದೇ, “ಅಯ್ಯೋ, ಇದರ ಗೊಜ್ಜು ಎಷ್ಟು ಲಾಯ್ಕ ಆಗ್ತದೆ!” ಎಂದು ಅದನ್ನಷ್ಟೂ ಬೇರೆ ತೆಗೆದಿಟ್ಟಳು. ಆ ಗೊಜ್ಜಿನಲ್ಲಿ ನಾನು ಎರಡು ಸೌಟು ಅನ್ನ ಹೆಚ್ಚಿಗೆ ಉಂಡೆ. ಉಳಿದದ್ದರ ಕಷಾಯ ಪ್ರತಿ ಬೆಳಿಗ್ಗೆ ಫ್ಲಾಸ್ಕಿನಲ್ಲಿ ನನ್ನ ಜೊತೆ ಹೊರಡತೊಡಗಿತು. “ಟ್ರೈನಲ್ಲಿ ಕುಡೀರಿ ಮಾರಾಯ್ರೆ, ಚೆಲ್ಬೇಡಿ.”

ಚೆಲ್ಲಲಿಲ್ಲ, ದೇವರಾಣೆ. ಹಂಚಿದೆ. ಅಬ್ಬಬ್ಬಾ, ಆ ಕಹಿ! ಒಂದು ಗುಟುಕು ಕುಡಿದು ಮುಖ ಕಿವುಚಿಕೊಂಡವನು, ಉಪಚಾರದ ಸೋಗಿನಲ್ಲಿ ಫ್ಲಾಸ್ಕನ್ನು ಸಾವಂತರ ಕೈಗೆ ದಾಟಿಸಿದೆ. ಮೂವರೂ ಮರುಮಾತಿಲ್ಲದೆ ಕುಡಿದರು. ಮರುದಿನವೂ ಕುಡಿದರು. ಹೀಗೆ ಮೂರು ತಿಂಗಳು.

ಒಂದು ಬೆಳಿಗ್ಗೆ ಕೂತು ನೋಡುತ್ತೇನೆ, ಬೆನ್ನು ಬೆಂಚಿಗೆ ತಾಗುತ್ತಿದೆ! ಇಡೀ ಮನುಷ್ಯ ಸೀಟಿನ ಮೇಲಿದ್ದೇನೆ. “ನೋಡಿ, ಕರಗಿದೆ,” ಎಂದು ಹೊಟ್ಟೆ ತಟ್ಟಿಕೊಂಡೆ. ಸಾವಂತರು ಮೀಸೆಯಲ್ಲೇ ನಕ್ಕರು. “ತುಮ್ಹೀ ಕಾಯ್ ಬಾರೀಕ್ ಹೋತ್ ನಾಹೀ, ಮ್ಹಣೂನ್ ಆಮ್ಹೀಚ್ ಝಾಲೋ.” ನೀವಂತೂ ಸಪೂರ ಆಗುವವರಲ್ಲ, ಅದಕ್ಕೇ ನಾವೇ ಆದೆವು! ಆ ಕಹಿಯಾದ ಮೇಲೆ ದಿನಾ ಬೆಳಿಗ್ಗೆ ಇಳಿದು ತಿನ್ನುತ್ತಿದ್ದ ವಡಾಪಾವ್ ಯಾರಿಗೂ ರುಚಿಸುತ್ತಿರಲಿಲ್ಲವಂತೆ. ರುಚಿಸದಿದ್ದುದೇ ಒಳ್ಳೆಯದಾಯಿತೆಂದು ಮೂವರೂ ಅದನ್ನು ಬಿಟ್ಟೇಬಿಟ್ಟಿದ್ದರು. ಪರವೂರಿನಲ್ಲಿ ನನ್ನಂಥವನಿಗೆ ಒಂದಿಷ್ಟು ಜಾಗವಾಗಲಿ ಎಂದು ಬಾಯಿ ಕಟ್ಟಿದವರು! ಅವರ ಋಣ ನಾನು ಹೇಗೆ ತೀರಿಸಲಿ?

ಸಂಜೆ ಮನೆಗೆ ಬಂದವನೇ ಖಾಲಿ ಫ್ಲಾಸ್ಕು ಶಾರದೆಯ ಕೈಗಿಟ್ಟು, “ನಿನ್ನ ಕಷಾಯ ಕೆಲಸ ಮಾಡಿತು ಕಣೇ,” ಎಂದೆ. ಸುಳ್ಳಲ್ಲವಲ್ಲ.

ಅವಳು ನನ್ನ ಹೊಟ್ಟೆಯನ್ನೊಮ್ಮೆ ನೋಡಿದಳು.

“ಯಾರಿಗೆ ಮಾರಾಯ್ರೆ?”