ಜಪಾನಿನ ತತ್ವ, ಹುಬ್ಬಳ್ಳಿಯ ಪ್ರೆಸ್ಸು

ಪುಸ್ತಕ ವಿನ್ಯಾಸ ಮಾಡುವವರಿಗೆ ಫಜೀತಿಗಳ ಬರ ಎಂದೂ ಇಲ್ಲ. ಕಳೆದ ವರ್ಷದ ಫಜೀತಿ ನನಗೆ ಜಪಾನಿನಿಂದ ಬಂತು. ನಮ್ಮೂರಿನ ಕೆಲಗೇರಿಯ ನಿವೃತ್ತ ಪ್ರೊಫೆಸರರೊಬ್ಬರು ಅಲ್ಲಿನ ಹಳೆಯ ತತ್ವಗ್ರಂಥವೊಂದನ್ನು ಹನ್ನೊಂದು ವರ್ಷ ಕೂತು ಕನ್ನಡಕ್ಕೆ ತಂದಿದ್ದರು. ಅವರ ಮೊದಲ ಪುಸ್ತಕ. ಪುಟ, ಅಕ್ಷರ, ಮುಖಪುಟ ಎಲ್ಲ ನನ್ನ ಪಾಲಿಗೆ. ಸರ್ ಅವರ ಮನಸ್ಸು ನೋಯದಂತೆ ಪುಸ್ತಕ ಹೊರಬಂದರೆ ಸಾಕೆಂದು ಜೀವ ಕೈಯಲ್ಲಿ ಹಿಡಿದಿದ್ದೆ.

ಮಲ್ಲಿಗೆ ಬಳ್ಳಿ

ಗ್ರಂಥದ ತುಂಬ ಶೂನ್ಯದ ಮಾತು. ಅದಕ್ಕೇ ಪುಟದ ನಡುವೆ ಒಂದೇ ವಾಕ್ಯ ಇಟ್ಟು ಸುತ್ತ ಜಾಗ ಬಿಟ್ಟೆ. ಹುಬ್ಬಳ್ಳಿಯ ಪ್ರೆಸ್ಸಿನ ಮಾಲಕರು ಲಗ್ನಪತ್ರಿಕೆಯಲ್ಲಿ ಪಳಗಿದವರು. ಪ್ರೂಫ್ ನೋಡಿದರೆ ಪ್ರತಿ ಪುಟದ ನಾಲ್ಕೂ ಬದಿಗೆ ಮಲ್ಲಿಗೆ ಬಳ್ಳಿ, ಮೇಲೆ ಗಣಪತಿ. ಯಾಕೆಂದು ಕೇಳಿದೆ. ಬರೆದವರಿಗೆ ಪಾಪ ಹೆಚ್ಚು ಹೊಳೆದಿಲ್ಲ, ಓದುವವರಿಗೆ ಗೊತ್ತಾಗಬಾರದೆಂದು ಮುಚ್ಚಿದ್ದೇನೆ ಎಂದರು.

ತಲೆ ಯಾವುದು, ಕಾಲು ಯಾವುದು

ಒಳಪುಟಕ್ಕೆ ಒಂದು ದೊಡ್ಡ ಜಪಾನಿ ಅಕ್ಷರ ಬೇಕಿತ್ತು. ಯಾವ ಕಡೆ ಮೇಲೆ ಎಂದು ಸರ್ ಅವರನ್ನೇ ಪ್ರೆಸ್ಸಿಗೆ ಕರೆಸಿ ಕೇಳಿದೆ. ತಾವು ಇಂಗ್ಲಿಷಿನಿಂದ ಅನುವಾದ ಮಾಡಿದ್ದೆಂದು ಅವರು ಆಗ ಹೇಳಿದರು. ಮೂವರೂ ಕಾಗದ ತಿರುಗಿಸಿ ತಿರುಗಿಸಿ ನೋಡಿದೆವು. ಕೊನೆಗೆ ಮಾಲಕರೇ ತೀರ್ಪು ಕೊಟ್ಟರು: "ಇದನ್ನ ಓದಾಕ ಬರೋರು ನಮ್ಮ ಪುಸ್ತಕ ಕೊಳ್ಳೂದಿಲ್ಲ. ಕೊಳ್ಳೋರಿಗೆ ಓದಾಕ ಬರೂದಿಲ್ಲ. ಹೆಂಗರ ಹಾಕ್ರಿ."

ಹೆಸರು

ಮುಖಪುಟ ತೋರಿಸಿದಾಗ ಸರ್ ತಮ್ಮ ಹೆಸರಿನ ಮೇಲೆ ಬೆರಳಿಟ್ಟು, "ಇದ್ಯಾಕ್ರಿ? ನಾನು ಅನ್ನೂದು ಬಿಡ್ರಿ ಅಂತ ಪುಸ್ತಕನ ಹೇಳತೈತಿ. ತಗೀರಿ," ಎಂದರು. ನನ್ನ ಕಣ್ಣು ತುಂಬಿತು. ಅದೇ ರಾತ್ರಿ ಹೆಸರು ಅಳಿಸಿ, ಹೊಸ ಮುಖಪುಟ ಅವರಿಗೆ ಕಳಿಸಿದೆ.

ಆಮೇಲೆ ಅವರ ಫೋನೇ ಇಲ್ಲ. ನಾನು ಮಾಡಿದರೂ ಎತ್ತಲಿಲ್ಲ. ನಾಲ್ಕನೇ ದಿನ ಅವರ ಶ್ರೀಮತಿಯವರು ಫೋನ್ ಮಾಡಿದರು. "ಊಟ ಸೈತ ಸರಿ ಮಾಡವಲ್ರು. ಬ್ಯಾಡ ಅಂದದ್ದು ಖರೇರಿ, ಆದ್ರ ನೀವು ಇರ್ಲಿ ತಗೋರಿ ಸರ್ ಅನಬೇಕಿಲ್ಲೇನು? ಒಂದೇ ಮಾತಿಗೆ ತಗದ ಬಿಡೂದ?"

ನಾನೂ ಇದೇ ಊರಿನವನು. ಯಾರ ಮನೆಯಲ್ಲೂ ಮೊದಲ ಸಲಕ್ಕೇ ಚಹಾ ಒಪ್ಪಿಕೊಂಡವನಲ್ಲ. ತತ್ವ ಓದಿ ತಲೆ ಕೆಟ್ಟಿತ್ತು. ಓಡಿಹೋಗಿ ಸರ್ ಮುಂದೆ ಕೂತು, ಹೆಸರು ಇರಲಿ ಎಂದು ಬೇಡಿಕೊಂಡೆ. ಬ್ಯಾಡ ಎಂದರು. ಮತ್ತೆ ಬೇಡಿಕೊಂಡೆ. ಯಾತಕ್ಕ ಎಂದರು. ಮತ್ತೂ ಬೇಡಿಕೊಂಡೆ.

"ಇಷ್ಟು ಒತ್ತಾಯ ಮಾಡಾಕತ್ತೀರಿ, ಇರ್ಲಿ," ಎಂದರು ಸರ್. "ಆದ್ರ ಮೊದಲಿನಕಿಂತ ಸ್ವಲ್ಪ ದೊಡ್ಡದು ಮಾಡ್ರಿ. ನನಗಲ್ಲ, ವಯಸ್ಸಾದವರೂ ಓದತಾರಲ್ಲ."